ಕಾಲೇಜಿಗೆ ಹೋದ ಮಗಳು ಇನ್ನೂ ನಿಮ್ಮ ‘ಡಿಪೆಂಡೆಂಟ್’ ಹೌದೇ?

ಕೆಲವು ವರ್ಷಗಳ ಹಿಂದಿನ ಫೆಬ್ರುವರಿಯ ಒಂದು ರಾತ್ರಿ. ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಆ ವರ್ಷದ ತೆರಿಗೆ ರಿಟರ್ನ್ ಕಳಿಸಿ, ಒಂದು ಕೆಲಸ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆ. ಮಲಗುವ ಮುಂಚೆ ನೋಡಿದರೆ ‘ರಿಜೆಕ್ಟೆಡ್’ ಎಂದು ಮೇಲ್ ಬಂದು ಕೂತಿದೆ. ನಮ್ಮ ಮಗಳ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಆಗಲೇ ಬೇರೊಂದು ರಿಟರ್ನಿನಲ್ಲಿ ಬಂದಿದೆಯಂತೆ. ಯಾರೋ ಕಳ್ಳರು ಸಂಖ್ಯೆ ಕದ್ದರು ಅಂತಲೇ ಎದೆ ಧಸಕ್ಕೆಂದಿತು. ಕಳ್ಳಿ ಮನೆಯವಳೇ ಆಗಿದ್ದಳು. ಕಾಲೇಜು ಲೈಬ್ರರಿಯಲ್ಲಿ ದುಡಿದ ಸಂಬಳದಿಂದ ಕಡಿತವಾಗಿದ್ದ ನೂರೆಂಬತ್ತು ಡಾಲರ್ ವಾಪಸ್ ಪಡೆಯಲು ಡಾರ್ಮ್‌ನಲ್ಲಿ ಕೂತು ತಾನೇ ಫೈಲ್ ಮಾಡಿದ್ದಳು. ‘ಬೇರೆ ಯಾರಾದರೂ ನಿಮ್ಮನ್ನು ಡಿಪೆಂಡೆಂಟ್ ಎಂದು ತೋರಿಸಬಹುದೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿದ್ದಳು. “ನಾನೇ ದುಡಿದಿದ್ದಲ್ವಾ ಅಪ್ಪ?” ಎಂದು ಫೋನಿನಲ್ಲಿ ಕೇಳಿದಳು.

ಅವಳು ತನ್ನ ರಿಟರ್ನ್ ತಿದ್ದಲು 1040-ಎಕ್ಸ್ ತುಂಬಬೇಕಾಯಿತು. ನಾವು ನಮ್ಮದನ್ನು ಮುದ್ರಿಸಿ, ಸಹಿ ಹಾಕಿ, ಅಂಚೆಗೆ ಹಾಕಿದೆವು. ರಿಫಂಡ್ ಬರುವಷ್ಟರಲ್ಲಿ ಬೇಸಿಗೆ ರಜೆಯೇ ಬಂದಿತ್ತು.

ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿದ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ: ಮಗ ಹದಿನೆಂಟು ದಾಟಿದ, ಬೇರೆ ರಾಜ್ಯದಲ್ಲಿದ್ದಾನೆ, ಇಂಟರ್ನ್‌ಶಿಪ್‌ನಲ್ಲಿ ದುಡ್ಡೂ ಬರುತ್ತಿದೆ. ಇನ್ನೂ ಅವನನ್ನು ನಮ್ಮ ರಿಟರ್ನಿನಲ್ಲಿ ತೋರಿಸಬಹುದೇ? ಬಹುತೇಕ ಮನೆಗಳಲ್ಲಿ ಉತ್ತರ ‘ಹೌದು’. ಆದರೆ ತೋರಿಸುವುದೇ ಯಾವಾಗಲೂ ಲಾಭ ಎಂದೇನಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಲ್ಲಿ ಕೊಟ್ಟಿರುವ ಅಂಕಿಗಳೆಲ್ಲ 2025ರ ತೆರಿಗೆ ವರ್ಷದವು, ಅಂದರೆ 2026ರ ಏಪ್ರಿಲ್ ಒಳಗೆ ಸಲ್ಲಿಸುವ ರಿಟರ್ನಿಗೆ ಸಂಬಂಧಿಸಿದವು.

ಹಿಂದಿರುವ ತರ್ಕ

2017ರವರೆಗೆ ಪ್ರತಿ ಡಿಪೆಂಡೆಂಟ್‌ಗೆ ತಲಾ 4,050 ಡಾಲರ್ ನಿಮ್ಮ ಆದಾಯದಿಂದ ಕಳೆಯುತ್ತಿತ್ತು. 2018ರಿಂದ ಆ ವಿನಾಯಿತಿ ಸೊನ್ನೆಯಾಯಿತು, 2025ರ ಹೊಸ ಕಾನೂನು ಆ ಸೊನ್ನೆಯನ್ನೇ ಕಾಯಂ ಮಾಡಿತು. ವಿನಾಯಿತಿ ಹೋಯಿತು, ‘ಡಿಪೆಂಡೆಂಟ್’ ಎಂಬ ಪಟ್ಟ ಮಾತ್ರ ಉಳಿಯಿತು. ಇವತ್ತಿನ ಕ್ರೆಡಿಟ್‌ಗಳೆಲ್ಲ ಆ ಪಟ್ಟಕ್ಕೇ ಅಂಟಿಕೊಂಡಿವೆ.

ಊರಿನ ಆದಾಯ ತೆರಿಗೆ ಕಂಡವರಿಗೆ ಇಲ್ಲಿ ಎಡವಟ್ಟಾಗುವುದು ಸಹಜ. ಭಾರತದಲ್ಲಿ ಹಳೆಯ ಪದ್ಧತಿಯ 80ಸಿ ಅಡಿ ಮಗುವಿನ ಶುಲ್ಕದ ರಸೀದಿ ತೋರಿಸಿದರೆ ಮುಗಿಯಿತು. ಇಲ್ಲಿ ರಸೀದಿಗಿಂತ ಮೊದಲು ಕೇಳುವುದು, ಈ ಮಗು ಯಾರ ಮನೆಯದು, ಯಾರ ಅನ್ನದಲ್ಲಿದೆ ಎಂದು. ಓದು ಮುಗಿಯದ ಮಗುವಿನ ಹಾಸಿಗೆ ಡಾರ್ಮ್‌ನಲ್ಲಿದ್ದರೂ ಕಾನೂನಿನ ಕಣ್ಣಿಗೆ ಅದರ ಮನೆ ನಿಮ್ಮದೇ. ಇಷ್ಟು ಹಿಡಿದುಕೊಂಡರೆ ಮುಂದಿನ ನಿಯಮಗಳು ಬಾಯಿಪಾಠ ಮಾಡದೆಯೇ ನೆನಪಿರುತ್ತವೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಸಂಬಂಧ. ಮಗ, ಮಗಳು, ದತ್ತು ಮಗು, ಮಲಮಗು. ತಮ್ಮ, ತಂಗಿ, ಅವರ ಮಕ್ಕಳೂ ಈ ಪಟ್ಟಿಯಲ್ಲಿದ್ದಾರೆ.

2. ವಯಸ್ಸು. ಡಿಸೆಂಬರ್ 31ಕ್ಕೆ 19 ತುಂಬಿರಬಾರದು. ಪೂರ್ಣಾವಧಿ ವಿದ್ಯಾರ್ಥಿಯಾದರೆ 24 ತುಂಬಿರಬಾರದು. ಶಾಶ್ವತ, ಸಂಪೂರ್ಣ ಅಂಗವೈಕಲ್ಯವಿದ್ದರೆ ವಯಸ್ಸಿನ ಮಿತಿಯೇ ಇಲ್ಲ. ‘ಪೂರ್ಣಾವಧಿ’ ಎಂದರೆ ಏನೆಂಬುದನ್ನು ಕಾಲೇಜೇ ನಿರ್ಧರಿಸುತ್ತದೆ. ವರ್ಷದಲ್ಲಿ ಐದು ತಿಂಗಳು ಹಾಗೆ ಓದಿದ್ದರೆ ಸಾಕು. ತಿಂಗಳಲ್ಲಿ ಒಂದು ಭಾಗ ಓದಿದ್ದರೂ ಅದು ಇಡೀ ತಿಂಗಳು ಎಂದೇ ಲೆಕ್ಕ, ಐದೂ ತಿಂಗಳು ಒಂದರ ಹಿಂದೊಂದು ಬರಬೇಕೆಂದೂ ಇಲ್ಲ. ಹೀಗಾಗಿ ಮೇ ತಿಂಗಳಲ್ಲಿ ಪದವಿ ಪಡೆದ ಮಗಳೂ ಜನವರಿಯಿಂದ ಮೇವರೆಗಿನ ಐದು ತಿಂಗಳ ಬಲದ ಮೇಲೆ ಆ ವರ್ಷ ‘ವಿದ್ಯಾರ್ಥಿ’ಯೇ. ಬರೀ ಅಂತರಜಾಲದಲ್ಲಷ್ಟೇ ಪಾಠ ನಡೆಸುವ ಸಂಸ್ಥೆ ಈ ಲೆಕ್ಕಕ್ಕೆ ಬರುವುದಿಲ್ಲ. ಮಾಮೂಲಿ ವಿಶ್ವವಿದ್ಯಾಲಯದ ಆನ್‌ಲೈನ್ ತರಗತಿಗೆ ತೊಂದರೆಯಿಲ್ಲ.

3. ವಾಸ. ಅರ್ಧ ವರ್ಷಕ್ಕಿಂತ ಹೆಚ್ಚು ನಿಮ್ಮ ಜತೆ ಇರಬೇಕು. ಓದಿಗಾಗಿ ದೂರ ಇರುವುದು ತಾತ್ಕಾಲಿಕ ಗೈರುಹಾಜರಿ, ಮನೆಯಲ್ಲಿದ್ದಂತೆಯೇ. ಒಂದು ಸೆಮಿಸ್ಟರ್ ಸ್ಪೇನಿಗೆ ಓದಲು ಹೋಗಿದ್ದರೂ ಸರಿ.

4. ಪೋಷಣೆ. ಮಗು ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸಿರಬಾರದು. ಎಲ್ಲರೂ ಮುಗ್ಗರಿಸುವುದು ಇಲ್ಲಿಯೇ.

5. ಜಂಟಿ ರಿಟರ್ನ್. ಮದುವೆಯಾದ ಮಗುವಾದರೆ, ಕಡಿತವಾದ ಹಣ ವಾಪಸ್ ಪಡೆಯಲಿಕ್ಕಷ್ಟೇ ಅಲ್ಲದೆ ಸಂಗಾತಿಯೊಂದಿಗೆ ಜಂಟಿಯಾಗಿ ಫೈಲ್ ಮಾಡಿರಬಾರದು.

6. ಪೌರತ್ವ ಅಥವಾ ನಿವಾಸ. ಮಗು ಅಮೆರಿಕದ ಪ್ರಜೆಯೋ, ತೆರಿಗೆಯ ಅರ್ಥದಲ್ಲಿ ‘ನಿವಾಸಿ’ಯೋ ಆಗಿರಬೇಕು, ಇಲ್ಲವೇ ಕೆನಡಾ, ಮೆಕ್ಸಿಕೊ ನಿವಾಸಿಯಾಗಿರಬೇಕು. ವೀಸಾದ ಮೇಲಿರುವ ಮನೆಗಳು ಈ ಪ್ರಶ್ನೆಗೆ ಬೆರಳಿಟ್ಟುಕೊಳ್ಳಿ.

ಈ ಪಟ್ಟಿಯಲ್ಲಿ ಮಗುವಿನ ಆದಾಯಕ್ಕೆ ಮಿತಿಯೇ ಇಲ್ಲ, ಗಮನಿಸಿದಿರಾ? ಆದಾಯದ ಮಿತಿ ಬರುವುದು ಮೇಲಿನ ವಯಸ್ಸಿನ ಮಿತಿ ದಾಟಿದವರಿಗೆ. ಅವರನ್ನು ಬೇರೊಂದು ದಾರಿಯಲ್ಲಿ ತೋರಿಸಬೇಕು. ಆಗ ಮಗುವಿನ ವರ್ಷದ ಆದಾಯ 5,200 ಡಾಲರಿಗಿಂತ ಕಡಿಮೆಯಿರಬೇಕು, ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ನೀವೇ ಕೊಟ್ಟಿರಬೇಕು. ಸಂಬಳ ಬರುವ ಪಿಎಚ್‌ಡಿ ವಿದ್ಯಾರ್ಥಿಗಳು ಇಲ್ಲಿಗೇ ಹೊರಬೀಳುತ್ತಾರೆ.

ಪೋಷಣೆಯ ಲೆಕ್ಕ ಹೀಗೆ ಮಾಡಿ

ಮಗು ಎಷ್ಟು ಗಳಿಸಿತು ಎಂದು ಯಾರೂ ಕೇಳುತ್ತಿಲ್ಲ. ತನ್ನ ಮೇಲೆ ಎಷ್ಟು ಖರ್ಚು ಮಾಡಿಕೊಂಡಿತು ಎಂದು ಕೇಳುತ್ತಿದ್ದಾರೆ. ಸಿಯಾಟಲ್‌ನಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಮಾಡಿ ಮಗ ಇಪ್ಪತ್ತೆಂಟು ಸಾವಿರ ಡಾಲರ್ ತಂದ, ಅದರಲ್ಲಿ ಇಪ್ಪತ್ತು ಸಾವಿರ ಬ್ಯಾಂಕಿನಲ್ಲಿಟ್ಟ ಎನ್ನಿ. ಬ್ಯಾಂಕಿನಲ್ಲಿ ಮಲಗಿರುವ ದುಡ್ಡು ಪೋಷಣೆಯಲ್ಲ. ಬಳಸಿದ ಎಂಟು ಸಾವಿರವಷ್ಟೇ ಲೆಕ್ಕಕ್ಕೆ.

ಒಂದು ಹಾಳೆ ತೆಗೆದುಕೊಂಡು ಎರಡು ಅಂಕಣ ಮಾಡಿ. ಮೊದಲಿನದರಲ್ಲಿ ಮಗುವಿನ ವರ್ಷದ ಒಟ್ಟು ಖರ್ಚು: ಶುಲ್ಕ, ಡಾರ್ಮ್, ಊಟ, ಪುಸ್ತಕ, ಬಟ್ಟೆ, ಓಡಾಟ, ವೈದ್ಯಕೀಯ. ರಜೆಯಲ್ಲಿ ಮನೆಗೆ ಬಂದಾಗ ಅವಳ ಕೋಣೆಗೆ ಬರಬಹುದಾಗಿದ್ದ ಬಾಡಿಗೆಯನ್ನೂ ನೀವು ಕೊಟ್ಟ ಪೋಷಣೆ ಎಂದು ಸೇರಿಸಿ. ಎರಡನೆಯದರಲ್ಲಿ ಮಗು ತನ್ನ ಕೈಯಿಂದ ಹಾಕಿದ್ದು.

ಉದಾಹರಣೆಗೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಒಟ್ಟು ಖರ್ಚು 36,000 ಡಾಲರ್ ಎಂದಿಟ್ಟುಕೊಳ್ಳಿ. ಅದರಲ್ಲಿ 6,000 ಸ್ಕಾಲರ್‌ಶಿಪ್ ಬಂತು. ವಿದ್ಯಾರ್ಥಿ ಮಗುವಿನ ಸ್ಕಾಲರ್‌ಶಿಪ್ಪನ್ನು ಅದು ತಾನೇ ಭರಿಸಿಕೊಂಡ ಹಣ ಎಂದು ಎಣಿಸುವಂತಿಲ್ಲ, ಆದ್ದರಿಂದ ಎರಡನೇ ಅಂಕಣಕ್ಕೆ ಬೇಡ. ಮಗಳ ಹೆಸರಿನಲ್ಲಿ 5,500 ಡಾಲರಿನ ಫೆಡರಲ್ ಸಾಲವಿದೆ. ಅದನ್ನು ತೀರಿಸುವ ಹೊಣೆ ಅವಳದೇ, ಹಾಗಾಗಿ ಅದು ಅವಳ ಅಂಕಣಕ್ಕೆ. ಪಾರ್ಟ್‌ಟೈಮ್ ಸಂಬಳದಿಂದ 4,000 ಖರ್ಚು ಮಾಡಿದ್ದಾಳೆ. ಒಟ್ಟು 9,500. ಅರ್ಧವೆಂದರೆ 18,000. ಅಷ್ಟಾಗಿಲ್ಲ, ಆಕೆ ನಿಮ್ಮ ಡಿಪೆಂಡೆಂಟ್.

ಇನ್ನೊಂದು ಮನೆ ನೋಡಿ. ಖಾಸಗಿ ಕಾಲೇಜು, ಒಟ್ಟು ಖರ್ಚು 70,000. ಮಗನ ಹೆಸರಿನ ಖಾಸಗಿ ಸಾಲವೇ 40,000. ಬಡ್ಡಿ ಕಟ್ಟುತ್ತಿರುವವರು ನೀವಿರಬಹುದು, ಚಿಂತೆಯಿಂದ ನಿದ್ದೆಗೆಟ್ಟವರೂ ನೀವೇ ಇರಬಹುದು. ಆದರೂ ಕಾಗದದ ಮೇಲೆ ಮಗ ತನ್ನನ್ನು ತಾನೇ ಸಾಕಿಕೊಂಡಿದ್ದಾನೆ. ಅದೇ ಹಣವನ್ನು ನೀವು ಪೇರೆಂಟ್ ಪ್ಲಸ್ ಸಾಲವಾಗಿ ನಿಮ್ಮ ಹೆಸರಿನಲ್ಲಿ ಎತ್ತಿದ್ದರೆ ಅದು ನಿಮ್ಮ ಪೋಷಣೆಯಾಗುತ್ತಿತ್ತು. ಸಾಲ ಯಾರ ಹೆಸರಿನಲ್ಲಿರಬೇಕು ಎಂದು ತೀರ್ಮಾನಿಸುವಾಗ ಕಾಲೇಜಿನ ಆರ್ಥಿಕ ನೆರವಿನ ಕಚೇರಿಯವರು ಇದನ್ನು ಹೇಳುವುದು ಕಡಿಮೆ. ಸಾಲಕ್ಕೆ ಇಬ್ಬರ ಸಹಿಯೂ ಇದ್ದರೆ ತೆರಿಗೆ ಪರಿಣತರನ್ನು ಒಮ್ಮೆ ಕೇಳಿ. ಹಾಗೆಯೇ ಅಜ್ಜಿ ತಾತ ಮಗುವಿನ ಹೆಸರಿನಲ್ಲಿ ತೆರೆದ ಉಳಿತಾಯ ಖಾತೆಯಿಂದ ಶುಲ್ಕ ಕಟ್ಟಿದರೆ ಅದೂ ಮಗುವಿನ ಅಂಕಣಕ್ಕೇ.

ತೆರಿಗೆ ಇಲಾಖೆಯ ಪಬ್ಲಿಕೇಶನ್ 501ರಲ್ಲಿ ಈ ಲೆಕ್ಕಕ್ಕೆ ಸಿದ್ಧ ಹಾಳೆಯೇ ಇದೆ. ತುಂಬಿ, ರಸೀದಿಗಳ ಜತೆ ಇಟ್ಟುಕೊಳ್ಳಿ.

ತೋರಿಸಿದರೆ ಸಿಗುವುದೇನು?

ಮಗುವಿಗೆ 17 ತುಂಬಿದ ವರ್ಷ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ನಿಂತುಹೋಗುತ್ತದೆ. ‘ಇನ್ನೇನೂ ಸಿಗದು’ ಎಂದು ಎಷ್ಟೋ ಜನ ಕೈಬಿಡುವುದು ಆಗಲೇ. ಎರಡು ಬಾಗಿಲು ಇನ್ನೂ ತೆರೆದಿರುತ್ತವೆ.

ಒಂದು, ಇತರ ಡಿಪೆಂಡೆಂಟ್‌ಗಳ ಕ್ರೆಡಿಟ್: 500 ಡಾಲರ್. ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೆ ನಾಲ್ಕು ಲಕ್ಷ ಡಾಲರ್ ಆದಾಯದವರೆಗೂ ಪೂರ್ತಿ ಸಿಗುತ್ತದೆ.

ಇನ್ನೊಂದು, ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್. ಪದವಿಯ ಮೊದಲ ನಾಲ್ಕು ವರ್ಷಗಳಿಗೆ, ವರ್ಷಕ್ಕೆ 2,500 ಡಾಲರ್‌ವರೆಗೆ. ಶುಲ್ಕ, ಪಠ್ಯಪುಸ್ತಕಗಳ ಮೊದಲ 2,000ಕ್ಕೆ ಪೂರ್ತಿ, ಮುಂದಿನ 2,000ಕ್ಕೆ ಕಾಲು ಭಾಗ. ಡಾರ್ಮ್, ಊಟದ ಖರ್ಚು ಸೇರುವುದಿಲ್ಲ. ನಿಮಗೆ ತೆರಿಗೆಯೇ ಬರದಿದ್ದರೂ 1,000 ಡಾಲರ್‌ವರೆಗೆ ಕೈಗೆ ಸಿಗಬಹುದು. ಜಂಟಿ ಆದಾಯ 1,60,000 ದಾಟಿದರೆ ಇಳಿಯುತ್ತಾ ಹೋಗಿ 1,80,000ಕ್ಕೆ ಮುಗಿದೇ ಹೋಗುತ್ತದೆ. ಒಬ್ಬರೇ ಫೈಲ್ ಮಾಡುವವರಿಗೆ ಇದು 80,000ದಿಂದ 90,000. ಗಂಡ ಹೆಂಡತಿ ಬೇರೆ ಬೇರೆಯಾಗಿ ಫೈಲ್ ಮಾಡಿದರೆ ಸಿಗುವುದಿಲ್ಲ. ಮಗುವನ್ನು ನೀವು ತೋರಿಸಿದರೆ, ಶುಲ್ಕವನ್ನು ಮಗುವೇ ಕಟ್ಟಿದ್ದರೂ ನೀವು ಕಟ್ಟಿದಂತೆಯೇ ಲೆಕ್ಕ. ಇದಕ್ಕೆ ಬೇಕಾದ, ಶುಲ್ಕದ ವಿವರವಿರುವ 1098-ಟಿ ಪತ್ರ ಮಗುವಿನ ಕಾಲೇಜು ಪೋರ್ಟಲ್‌ನಲ್ಲಿರುತ್ತದೆ. ಜನವರಿ ಕಡೆಯಲ್ಲಿ ಅವಳನ್ನೇ ಕೇಳಿ ಪಡೆಯಿರಿ.

ಬಿಟ್ಟುಕೊಡುವುದೇ ಲಾಭವಾಗುವ ಮನೆಗಳು

ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆ ಸಾಮಾನ್ಯವಾಗಿ 1,80,000 ದಾಟಿರುತ್ತದೆ. ದೊಡ್ಡ ಕ್ರೆಡಿಟ್ ನಿಮಗೆ ಹೇಗೂ ಇಲ್ಲ. ಮಗುವನ್ನು ತೋರಿಸಿದರೆ ಸಿಗುವುದು ಬರೀ 500. ಹೀಗಿರುವಾಗ ಮಗು ಚೆನ್ನಾಗಿ ದುಡಿದಿದ್ದರೆ ಲೆಕ್ಕ ತಿರುಗುತ್ತದೆ.

ಸಿಯಾಟಲ್‌ನ ಮಗನನ್ನೇ ತೆಗೆದುಕೊಳ್ಳಿ. ಗಳಿಕೆ 28,000. ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಕಳೆದರೆ 12,250ಕ್ಕೆ ತೆರಿಗೆ, ಸುಮಾರು 1,230 ಡಾಲರ್. ನೀವು ಅವನನ್ನು ತೋರಿಸದೆ ಬಿಟ್ಟರೆ ಶಿಕ್ಷಣ ಕ್ರೆಡಿಟ್ ಅವನೇ ತೆಗೆದುಕೊಳ್ಳಬಹುದು. ನಗದಾಗಿ ವಾಪಸ್ ಬರುವ ಭಾಗ ಅಪ್ಪ ಅಮ್ಮ ಸಾಕುತ್ತಿರುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ದಕ್ಕದು. ಆದರೆ ತೆರಿಗೆ ಅಳಿಸಲು 2,500ರವರೆಗಿನ ಇಡೀ ಕ್ರೆಡಿಟ್ ಬಳಸಬಹುದು, ಅದರಲ್ಲಿ ಅವನ 1,230 ತೆರಿಗೆ ಪೂರ್ತಿ ಅಳಿಸಿಹೋಗುತ್ತದೆ. ನೀವು ಕಳೆದುಕೊಂಡದ್ದು 500, ಮನೆಗೆ ಉಳಿದದ್ದು 1,230.

ಇಲ್ಲಿ ‘ಬಹುದು’ ಎಂಬ ಪದದ ಮೇಲೆ ಕಣ್ಣಿಡಿ. ಫಾರ್ಮ್ ಕೇಳುವುದು ‘ತೋರಿಸಬಹುದೇ’ ಎಂದು, ‘ತೋರಿಸಿದ್ದಾರೆಯೇ’ ಎಂದಲ್ಲ. ನೀವು ಬಿಟ್ಟುಕೊಟ್ಟರೂ ನಿಮಗೆ ಹಕ್ಕಿದೆಯಲ್ಲ, ಹಾಗಾಗಿ ಮಗ ಆ ಪ್ರಶ್ನೆಗೆ ‘ಹೌದು’ ಎಂದೇ ಉತ್ತರಿಸಬೇಕು. ಕ್ರೆಡಿಟ್ ಆಗಲೂ ಸಿಗುತ್ತದೆ. ನಿಮ್ಮ ರಾಜ್ಯದ ತೆರಿಗೆಯಲ್ಲಿ ಇದರಿಂದ ಏನಾದರೂ ಕೈತಪ್ಪುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಎರಡೂ ರಿಟರ್ನ್‌ಗಳನ್ನು ಸಾಫ್ಟ್‌ವೇರಿನಲ್ಲಿ ಎರಡೂ ಬಗೆಯಲ್ಲಿ ತುಂಬಿ ನೋಡಲು ಒಂದು ಸಂಜೆ ಸಾಕು. ಕಳಿಸುವ ಗುಂಡಿ ಒತ್ತದಿದ್ದರೆ ಆಯಿತು.

ವೀಸಾ ಮೇಲಿರುವವರಿಗೆ ಎಚ್ಚರಿಕೆ

ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳು 21 ತುಂಬುವ ಹೊತ್ತಿಗೆ ಹೆಚ್ಚಾಗಿ ಎಫ್-1ಗೆ ಬದಲಾಗುತ್ತಾರೆ. ಎಚ್-4ರಲ್ಲಿ ಕಳೆದ ದಿನಗಳು ನಿವಾಸಿಯೇ ಎಂಬ ಎಣಿಕೆಗೆ ಸೇರುತ್ತವೆ. ಎಫ್-1ರ ದಿನಗಳು ಸಾಮಾನ್ಯವಾಗಿ ಐದು ಕ್ಯಾಲೆಂಡರ್ ವರ್ಷಗಳವರೆಗೆ ಸೇರುವುದಿಲ್ಲ. ಹೀಗಾಗಿ ಹತ್ತು ವರ್ಷ ನಿಮ್ಮ ಮನೆಯಲ್ಲೇ ಬೆಳೆದ ಮಗಳು ವೀಸಾ ಬದಲಾದ ಮುಂದಿನ ವರ್ಷ ತೆರಿಗೆಯ ಕಣ್ಣಿಗೆ ‘ಅನಿವಾಸಿ’ಯಾಗಿಬಿಡಬಹುದು. ಹಾಗಾದರೆ ಆಕೆ ಫೈಲ್ ಮಾಡಬೇಕಾದ್ದು 1040-ಎನ್‌ಆರ್, ನೀವು ಆಕೆಯನ್ನು ಡಿಪೆಂಡೆಂಟ್ ಎಂದು ತೋರಿಸುವಂತಿಲ್ಲ. ಮಾಮೂಲಿ ತೆರಿಗೆ ಸಾಫ್ಟ್‌ವೇರ್ ಇದನ್ನು ತಾನಾಗಿ ಹಿಡಿಯುವುದಿಲ್ಲ. ವೀಸಾ ಬದಲಾದ ವರ್ಷ ಮಾತ್ರ ಪರಿಣತರಿಗೆ ಶುಲ್ಕ ಕೊಟ್ಟೇ ಕೇಳಿ ಎನ್ನುವುದು ನನ್ನ ಸಲಹೆ.

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದೆ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಮಾತ್ರ ಇರುವ ಮಕ್ಕಳಿಗೂ ಒಂದು ಮಾತು. ಅವರಿಗೆ 500 ಡಾಲರಿನ ಕ್ರೆಡಿಟ್ ಸಿಗುತ್ತದೆ. ಆದರೆ 2026ರ ತೆರಿಗೆ ವರ್ಷದಿಂದ ಶಿಕ್ಷಣ ಕ್ರೆಡಿಟ್‌ಗಳಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕಡ್ಡಾಯ. ಹಾಗಾಗಿ 2025ರ ರಿಟರ್ನಿನಲ್ಲಿ ಅರ್ಹತೆಯಿದ್ದರೆ ಈ ಸಲವೇ ಬಳಸಿಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಅಣ್ಣನ ಮಗ ಮೈಸೂರಿಂದ ಎಂಎಸ್ ಮಾಡಲು ಬಂದು ನಮ್ಮ ಮನೆಯಲ್ಲೇ ಇದ್ದಾನೆ, ಊಟ ನಮ್ಮದೇ’ ಎಂದು ಅವನ ಹೆಸರು ಸೇರಿಸುವುದು. ಎಫ್-1ರಲ್ಲಿ ಹೊಸದಾಗಿ ಬಂದವನು ಅನಿವಾಸಿ. ಊರಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುತ್ತೇವೆಂದು ಅವರನ್ನು ತೋರಿಸುವುದೂ ಇದೇ ತಪ್ಪು. ಅವರು ಅಮೆರಿಕದ ಪ್ರಜೆಗಳೋ ನಿವಾಸಿಗಳೋ ಅಲ್ಲದಿದ್ದರೆ ಆಗದು.

ಕಾಲೇಜಿನ ಆರ್ಥಿಕ ನೆರವಿಗೆ ಹಾಕುವ ಎಫ್‌ಎಎಫ್‌ಎಸ್‌ಎ ಅರ್ಜಿಯ ‘ಡಿಪೆಂಡೆಂಟ್’ ಮತ್ತು ತೆರಿಗೆಯದು ಒಂದೇ ಎಂದುಕೊಳ್ಳುವುದು. ನಿಮ್ಮ ರಿಟರ್ನಿನಿಂದ ಮಗುವನ್ನು ಕೈಬಿಟ್ಟ ಮಾತ್ರಕ್ಕೆ ಕಾಲೇಜು ನಿಮ್ಮ ಆದಾಯ ಕೇಳುವುದನ್ನು ಬಿಡುವುದಿಲ್ಲ.

ಆರೋಗ್ಯ ವಿಮೆ ತಪ್ಪಿಹೋಗುತ್ತದೆಂಬ ಭಯ. ಕಂಪನಿಯ ಕುಟುಂಬ ವಿಮೆಯಲ್ಲಿ ಮಗು 26 ತುಂಬುವವರೆಗೆ ಇರಬಹುದು. ತೆರಿಗೆಯಲ್ಲಿ ತೋರಿಸಿದ್ದೀರೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಡಿಪೆಂಡೆಂಟ್ ಆದ ಮೇಲೆ ಮಗು ಫೈಲ್ ಮಾಡುವುದೇ ಬೇಡ ಎಂದುಕೊಳ್ಳುವುದು. ಸಂಬಳ 15,750 ದಾಟಿದರೆ, ಅಥವಾ ಬಡ್ಡಿ, ಡಿವಿಡೆಂಡ್ 1,350 ದಾಟಿದರೆ ಮಗುವೂ ಫೈಲ್ ಮಾಡಬೇಕು. ಅಷ್ಟಿಲ್ಲದಿದ್ದರೂ ಸಂಬಳದಿಂದ ಕಡಿತವಾದದ್ದನ್ನು ಪಡೆಯಲು ಮಾಡಲಿ, ನಮ್ಮ ಮಗಳ ಹಾಗೆ. ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೆ ಆಯಿತು.

ವಿಚ್ಛೇದನವಾದ ತಂದೆ ತಾಯಿ ಇಬ್ಬರೂ ತೋರಿಸುವುದು. ಮಗು ಹೆಚ್ಚು ರಾತ್ರಿ ಯಾರ ಮನೆಯಲ್ಲಿ ಕಳೆಯಿತೋ ಅವರದು ಮೊದಲ ಹಕ್ಕು. ಅವರು 8332 ಫಾರ್ಮ್‌ಗೆ ಸಹಿ ಹಾಕಿಕೊಟ್ಟರೆ ಇನ್ನೊಬ್ಬರು ತೋರಿಸಬಹುದು.

ಇಷ್ಟೆಲ್ಲ ಓದಿದ ಮೇಲೂ ಮುಖ್ಯವಾಗಿ ಬೇಕಾದ್ದು ಹತ್ತು ನಿಮಿಷದ ಒಂದು ಫೋನು. ಮಕ್ಕಳ ಬೆರಳು ನಮ್ಮದಕ್ಕಿಂತ ಚುರುಕು. ಸಂಬಳದ ವಿವರದ ಡಬ್ಲ್ಯು-2 ಪತ್ರ ಕೈಗೆ ಬಂದ ರಾತ್ರಿಯೇ ಅವರು ಫೈಲ್ ಮಾಡಿ ಮುಗಿಸಿರುತ್ತಾರೆ. 2025ರ ರಿಟರ್ನಿನ ಗಡುವು 2026ರ ಏಪ್ರಿಲ್ 15, ಬುಧವಾರ. “ನಾನು ಹೇಳುವವರೆಗೂ ಕಳಿಸಬೇಡ ಕಂದ” ಎಂದು ಇವತ್ತೇ ಡಾರ್ಮ್‌ಗೆ ಫೋನ್ ಮಾಡಿ ಹೇಳಿಬಿಡಿ.